ಅರವತ್ತೈದರ ಗೆರೆ

ನಮ್ಮೂರಿನ ಕನ್ನಡ ಕೂಟ ಪ್ರತಿವರ್ಷ ಯುಗಾದಿಯ ಆಸುಪಾಸಿನಲ್ಲಿ ಹಿರಿಯರಿಗಾಗಿ ಒಂದು ಆರೋಗ್ಯ ಶಿಬಿರ ನಡೆಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರು, ಇಲ್ಲೇ ನೆಲೆಸಿ ನಿವೃತ್ತರಾದವರು ಸೇರುತ್ತಾರೆ. ಬಿ.ಪಿ. ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಮಂಡಿನೋವಿನ ಬಗ್ಗೆ ಒಂದು ಉಪನ್ಯಾಸ, ಮರೆವಿನ ಕಾಯಿಲೆಯ ಬಗ್ಗೆ ಇನ್ನೊಂದು, ಆಮೇಲೆ ಬಿಸಿಬೇಳೆಬಾತು. ನಾನು ಮೂವತ್ತು ವರ್ಷ ಫಾರ್ಮಸಿಯಲ್ಲಿ ಕೆಲಸ ಮಾಡಿದವಳಾದ್ದರಿಂದ ಔಷಧಗಳ ಬಗ್ಗೆ ಮಾತಾಡಲು ನನ್ನನ್ನೂ ಕರೆಯುತ್ತಾರೆ.

ಮೂರು ವರ್ಷದ ಹಿಂದೆ ಸಮಿತಿಯ ಸಭೆಯಲ್ಲಿ ನಾನೊಂದು ಮಾತು ಹೇಳಿದೆ: ಈ ಸಲ ಎಚ್‌ಐವಿ ಪರೀಕ್ಷೆಯ ಬಗ್ಗೆಯೂ ಹತ್ತು ನಿಮಿಷ ಇಟ್ಟುಕೊಳ್ಳೋಣ. ಸಭೆ ಒಂದು ಕ್ಷಣ ಮೌನವಾಯಿತು. ಒಬ್ಬರು ಚಹಾದ ಕಪ್ಪನ್ನು ಸರಿಯಾಗಿಟ್ಟರು. ಮತ್ತೊಬ್ಬರು ನಗುತ್ತಾ, "ಮೇಡಂ, ಇದು ಫ್ಯಾಮಿಲಿ ಕಾರ್ಯಕ್ರಮ" ಅಂದರು. ಅಲ್ಲಿಗೆ ವಿಷಯ ಮುಗಿಯಿತು. ಮರುವರ್ಷ ಕೇಳಿದಾಗ ಸಮಯದ ಅಭಾವ. ಅದರ ಮರುವರ್ಷ, "ಹಿರಿಯರ ಮನಸ್ಸಿಗೆ ನೋವಾಗುತ್ತದೆ."

ಫ್ಯಾಮಿಲಿ ಕಾರ್ಯಕ್ರಮ ಎಂಬ ಆ ಮಾತಿಗೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಯಾಕೆಂದರೆ ನನ್ನ ಸೋದರಮಾವ ಫ್ಯಾಮಿಲಿಯವರೇ ಆಗಿದ್ದರು.

ಅವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. "ನಾನು ಹೋದಮೇಲೆ ಬರಿ, ಇದ್ದಾಗ ಬೇಡ" ಎಂದು ಹೇಳಿದ್ದವರು ಅವರೇ. ಅವರ ಮಗಳೂ ಒಪ್ಪಿದ್ದಾಳೆ.

ಮಾವ ಕೊಲ್ಲಿ ರಾಷ್ಟ್ರವೊಂದರಲ್ಲಿ ಹದಿನಾರು ವರ್ಷ ಲೆಕ್ಕಪತ್ರದ ಕೆಲಸ ಮಾಡಿ, ಊರಿಗೆ ಮರಳಿ, ಮನೆ ಕಟ್ಟಿಸಿ, ಅತ್ತೆ ತೀರಿಕೊಂಡ ಮೇಲೆ 2011ರಲ್ಲಿ ಮಗಳ ಮನೆಗೆ ಗ್ರೀನ್ ಕಾರ್ಡ್ ಮೇಲೆ ಬಂದರು. ಕೊಲ್ಲಿಯಲ್ಲಿದ್ದಾಗ ವೀಸಾ ನವೀಕರಣಕ್ಕೆಂದು ಅವರ ರಕ್ತ ಎಷ್ಟೋ ಸಲ ಪರೀಕ್ಷೆಯಾಗಿತ್ತು. ಎಚ್‌ಐವಿ ಇದೆ ಎಂದು ಗೊತ್ತಾದರೆ ಅಲ್ಲಿ ಚಿಕಿತ್ಸೆಯ ಮಾತಿಲ್ಲ, ಊರಿಗೆ ವಾಪಸು ಕಳಿಸುವುದೇ ನಿಯಮ. ಇಂದಿಗೂ ಕರಾವಳಿಯಿಂದ, ಮಲೆನಾಡಿನಿಂದ ಆ ದೇಶಗಳಿಗೆ ಹೋಗುವ ಹುಡುಗರು ಈ ಪರೀಕ್ಷೆ ದಾಟಿಯೇ ಹೋಗಬೇಕು. ಅಮೆರಿಕವೇನೂ ಕಡಿಮೆಯಿರಲಿಲ್ಲ. 1987ರಿಂದ ಎಚ್‌ಐವಿ ಇದ್ದವರು ಇಲ್ಲಿಗೆ ಬರುವಂತಿರಲಿಲ್ಲ. ಗ್ರೀನ್ ಕಾರ್ಡ್ ಬೇಕಾದರೆ ಪರೀಕ್ಷೆ ಆಗಲೇಬೇಕಿತ್ತು. 2010ರ ಜನವರಿಯಲ್ಲಿ ಆ ನಿಷೇಧ ರದ್ದಾಯಿತು. ರದ್ದಾದದ್ದು ನ್ಯಾಯ. ಆದರೆ ಮಾವನ ಬದುಕನ್ನು ನೆನೆದಾಗ ನನಗೆ ಅನಿಸುವುದಿದು: ಅವರನ್ನು ಹೊರಗಿಡಲು ಸರ್ಕಾರಗಳು ಮತ್ತೆ ಮತ್ತೆ ಪರೀಕ್ಷೆ ಮಾಡಿದವು. ಅವರನ್ನು ಉಳಿಸಲು ಪರೀಕ್ಷೆ ಬೇಕಾದಾಗ ಒಬ್ಬರೂ ಮಾಡಲಿಲ್ಲ.

2014ರ ಬೇಸಗೆಯಿಂದ ಅವರು ಇಳಿಯತೊಡಗಿದರು. ಮೊದಲು ಸರ್ಪಸುತ್ತು ಬಂತು. ವಯಸ್ಸಾದವರಿಗೆ ಬರುತ್ತದೆ ಎಂದರು ವೈದ್ಯರು. ಆಮೇಲೆ ತೂಕ ಇಳಿಯಿತು, ಹತ್ತು ಕೆಜಿ. ಥೈರಾಯ್ಡ್ ನೋಡಿದರು, ಕ್ಯಾನ್ಸರ್ ಇರಬಹುದೆಂದು ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡಿದರು, ಕ್ಷಯಕ್ಕೆ ಎಕ್ಸ್‌ರೇ ತೆಗೆದರು. ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತು. ನನ್ನ ಮಾವನ ಮಗಳು ಫೋನ್ ಮಾಡಿ, "ಅಕ್ಕಾ, ಅಪ್ಪನ ಬಾಯಲ್ಲಿ ಏನೋ ಬೂಸ್ಟಿನ ಹಾಗೆ ಬಂದಿದೆ" ಎಂದಾಗ ಬಾಯಿ ಮುಕ್ಕಳಿಸುವ ಔಷಧದ ಹೆಸರು ಹೇಳಿದವಳು ನಾನೇ. ಸಕ್ಕರೆ ಕಾಯಿಲೆ ಇದೆಯಲ್ಲ, ಅದಕ್ಕೇ ಇರಬೇಕು ಅಂದೆ. ಅವರ ಸಕ್ಕರೆ ಆಗ ಹತೋಟಿಯಲ್ಲೇ ಇತ್ತು. ಸರ್ಪಸುತ್ತು, ಇಳಿದ ತೂಕ, ಬಾಯಿಯ ಬೂಸ್ಟು ಇವು ಮೂರೂ ಮೂವತ್ತು ವರ್ಷದ ಹುಡುಗನಲ್ಲಿ ಕಂಡಿದ್ದರೆ ಮೊದಲ ದಿನವೇ ನನಗೆ ಹೊಳೆಯುತ್ತಿತ್ತು. ಅರವತ್ತೆಂಟು ವರ್ಷದ, ಬೆಳಗಾದರೆ ವಿಭೂತಿ ಹಚ್ಚುವ, ಮೊಮ್ಮಗನಿಗೆ ಮಗ್ಗಿ ಕಲಿಸುವ ಮಾವನಲ್ಲಿ ಹೊಳೆಯಲಿಲ್ಲ. ಓದಿದ್ದು ಯಾವುದೂ ಅಡ್ಡಬರಲಿಲ್ಲ. ಅಡ್ಡಬಂದದ್ದು ಗೌರವ.

2015ರ ಫೆಬ್ರವರಿಯಲ್ಲಿ ಉಸಿರಾಡಲಾಗದೆ ಆಸ್ಪತ್ರೆ ಸೇರಿದರು. ನ್ಯುಮೋನಿಯಾ ಎಂದರು. ನಾಲ್ಕನೆಯ ದಿನ ತರಬೇತಿಯಲ್ಲಿದ್ದ ಒಬ್ಬ ಕಿರಿಯ ವೈದ್ಯೆ, "ನಿಮ್ಮ ಒಪ್ಪಿಗೆಯಿದ್ದರೆ ಎಚ್‌ಐವಿ ಪರೀಕ್ಷೆ ಮಾಡೋಣವೆ?" ಎಂದು ಕೇಳಿದಳಂತೆ. ಒಂಬತ್ತು ತಿಂಗಳಲ್ಲಿ ಏಳು ಜನ ವೈದ್ಯರನ್ನು ಕಂಡಿದ್ದರು. ಆ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. ಆರೋಗ್ಯವಂತರ ರಕ್ತದಲ್ಲಿ ಸಿಡಿ4 ಎಂಬ ಕಣಗಳು ಒಂದು ಘನ ಮಿಲಿಮೀಟರಿಗೆ 500ರಿಂದ 1500ರವರೆಗೆ ಇರುತ್ತವೆ. 200ಕ್ಕಿಂತ ಕೆಳಗಿಳಿದರೆ ಅದನ್ನು ಏಡ್ಸ್ ಎನ್ನುತ್ತಾರೆ. ಮಾವನದು 38 ಇತ್ತು.

ಇದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ. ಹೇಗೆ ಗೊತ್ತಾಯಿತೆಂದು ಮುಂದೆ ಹೇಳುತ್ತೇನೆ.

ಈಗ ಓದುಗರ ಮನಸ್ಸಿನಲ್ಲಿ ಎದ್ದಿರುವ ಪ್ರಶ್ನೆ ನನಗೆ ಗೊತ್ತು. "ಅವರಿಗೆ ಹೇಗೆ ಬಂತು?" ಅದಕ್ಕೆ ಉತ್ತರವೂ ನನಗೆ ಗೊತ್ತು. ಹೇಳುವುದಿಲ್ಲ. ಸಕ್ಕರೆ ಕಾಯಿಲೆಯವರನ್ನು ನೀವು ಎಷ್ಟು ಜಾಮೂನು ತಿಂದಿರಿ ಎಂದು ಮೊದಲು ಕೇಳಿ, ಆಮೇಲೆ ಮರುಕ ಪಡಬೇಕೋ ಬೇಡವೋ ಎಂದು ತೀರ್ಮಾನಿಸುವುದಿಲ್ಲ. ಎಚ್‌ಐವಿಯಲ್ಲಿ ಮಾತ್ರ ಮೊದಲು ವಿಚಾರಣೆ, ಆಮೇಲೆ ಕನಿಕರ. ಆ ವಿಚಾರಣೆಗೆ ಹೆದರಿಯೇ ಜನ ಪರೀಕ್ಷೆಗೆ ಹೋಗುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಹೆಂಡತಿ ಸತ್ತ ಗಂಡಸಿಗೆ, ಗಂಡ ಸತ್ತ ಹೆಂಗಸಿಗೆ ಅರವತ್ತರ ನಂತರವೂ ದೇಹ ಇರುತ್ತದೆ. ನಮ್ಮ ಮರ್ಯಾದೆಗಾಗಿ ಅದು ಇಲ್ಲದಂತಾಗುವುದಿಲ್ಲ. ಗರ್ಭದ ಭಯ ಇಲ್ಲದ ವಯಸ್ಸಿನಲ್ಲಿ ಕಾಂಡೋಮ್ ಯಾರ ನೆನಪಿಗೂ ಬರುವುದಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಒಳಪದರ ತೆಳುವಾಗುವುದರಿಂದ ಸೋಂಕು ತಗಲುವುದು ಇನ್ನೂ ಸುಲಭ. ಇದನ್ನು ಯಾವ ಉಪನ್ಯಾಸದಲ್ಲಿ ಯಾರು ಅವರಿಗೆ ಹೇಳಿದ್ದಾರೆ?

ಇನ್ನು ಆಯುಷ್ಯದ ಲೆಕ್ಕಕ್ಕೆ ಬರೋಣ. ಈ ಕಾಯಿಲೆಯ ಬಗ್ಗೆ ನಮ್ಮ ಜನರಲ್ಲಿ ಎರಡು ಬಗೆಯ ತಿಳುವಳಿಕೆ ಇದೆ, ಎರಡೂ ತಪ್ಪು. ಒಂದು, ಏಡ್ಸ್ ಎಂದರೆ ಸಾವು. ಇನ್ನೊಂದು, ಈಗ ಬಿಡಿ, ಮಾತ್ರೆ ಇದೆ, ಸಕ್ಕರೆ ಕಾಯಿಲೆಯಂತೆ ಆಗಿಹೋಗಿದೆ.

ಮೊದಲನೆಯದು 1981ರ ಜೂನ್ 5ರಂದು ಲಾಸ್ ಏಂಜಲೀಸಿನ ಐವರು ಯುವಕರ ನ್ಯುಮೋನಿಯಾದ ವರದಿ ಪ್ರಕಟವಾದ ದಿನದಿಂದ 1996ರವರೆಗೆ ಹೆಚ್ಚುಕಡಿಮೆ ನಿಜವಾಗಿತ್ತು. ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ 1996ರಲ್ಲಿ ಬಂದಮೇಲೆ ಅದು ನಿಜವಾಗಿ ಉಳಿದಿಲ್ಲ. ಇಂದು ಅಮೆರಿಕದಲ್ಲಿ ಸುಮಾರು 12 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕಿದ್ದಾರೆ. ಪತ್ತೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐವತ್ತು ದಾಟಿದವರು. ಈ ಕಾಯಿಲೆ ಮುದುಕರ ಕಾಯಿಲೆಯಾಗಿದೆ, ಅಂದರೆ ಅದರೊಂದಿಗೆ ಮುದುಕರಾಗುವಷ್ಟು ಕಾಲ ಜನ ಬದುಕುತ್ತಿದ್ದಾರೆ. ಡೆನ್ಮಾರ್ಕಿನಲ್ಲಿ ಐವತ್ತು ವರ್ಷದ ಸೋಂಕಿತರ ಲೆಕ್ಕ ಹಾಕಿದ್ದಾರೆ. ತೊಂಬತ್ತರ ದಶಕದ ಕೊನೆಯಲ್ಲಿ ಅವರು ಐವತ್ತರ ಮೇಲೆ ಸುಮಾರು 12 ವರ್ಷ ಬದುಕುವ ನಿರೀಕ್ಷೆಯಿತ್ತು. 2006ರ ನಂತರ ಅದು ಸುಮಾರು 23 ವರ್ಷಕ್ಕೆ ಏರಿತು. ಸೋಂಕಿಲ್ಲದವರಿಗೆ ಸುಮಾರು 30.

ಎರಡನೆಯ ತಿಳುವಳಿಕೆಯ ತಪ್ಪು ಆ 23ಕ್ಕೂ 30ಕ್ಕೂ ನಡುವಿನ ಅಂತರದಲ್ಲಿದೆ. ನಮ್ಮ ಕ್ಯಾಲಿಫೋರ್ನಿಯಾ ಮೊದಲಾದ ಕಡೆ ಕೈಸರ್ ಪರ್ಮನೆಂಟೆಯ ವಿಮೆ ಇರುವವರನ್ನು ಹದಿನಾರು ವರ್ಷ ಗಮನಿಸಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2000ದ ಆರಂಭದಲ್ಲಿ, ಇಪ್ಪತ್ತೊಂದು ವರ್ಷದ ಸೋಂಕಿತರ ನಿರೀಕ್ಷಿತ ಆಯುಷ್ಯ ಉಳಿದವರಿಗಿಂತ 22 ವರ್ಷ ಕಡಿಮೆಯಿತ್ತು. 2014-16ರ ಹೊತ್ತಿಗೆ ಅಂತರ 9 ವರ್ಷಕ್ಕಿಳಿಯಿತು. ಸಿಡಿ4 ಐನೂರರ ಮೇಲಿರುವಾಗಲೇ ಔಷಧ ಶುರುಮಾಡಿದವರಲ್ಲಿ ಸುಮಾರು 7. ಸಂತೋಷದ ಸುದ್ದಿ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಲೆಕ್ಕವಿದೆ: ಹೃದಯ, ಮೂತ್ರಪಿಂಡ, ಪಿತ್ತಜನಕಾಂಗ, ಶ್ವಾಸಕೋಶದ ಕಾಯಿಲೆ, ಸಕ್ಕರೆ, ಕ್ಯಾನ್ಸರ್ ಇವು ಯಾವುವೂ ಇಲ್ಲದೆ ಬದುಕುವ ವರ್ಷಗಳ ಲೆಕ್ಕ. ಅದರಲ್ಲಿ ಸೋಂಕಿತರು 16 ವರ್ಷ ಹಿಂದಿದ್ದರು. ಅಂದರೆ ಬದುಕು ಉದ್ದವಾಗಿದೆ, ಆದರೆ ಈ ಕಾಯಿಲೆಗಳು ಉಳಿದವರಿಗಿಂತ ಎಷ್ಟೋ ವರ್ಷ ಮೊದಲೇ ಇವರಿಗೆ ಬರತೊಡಗುತ್ತವೆ.

ಕಾರಣ ಇದೆ. ಔಷಧ ವೈರಸ್ಸನ್ನು ಅಡಗಿಸುತ್ತದೆ, ತೊಡೆದುಹಾಕುವುದಿಲ್ಲ. ಅಡಗಿದ ವೈರಸ್ಸಿನೊಡನೆ ದೇಹದ ರಕ್ಷಣಾ ವ್ಯವಸ್ಥೆ ಹಗಲಿರುಳು ಹೋರಾಡುತ್ತಲೇ ಇರುತ್ತದೆ. ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಉರಿಯುವ ಈ ಉರಿಯೂತ ರಕ್ತನಾಳಗಳನ್ನು ಸವೆಸುತ್ತದೆ. ಪರೀಕ್ಷೆ ತಡವಾದಷ್ಟೂ ಸವೆತ ಹೆಚ್ಚು. ವಯಸ್ಸಾದವರಲ್ಲಿ ಸಿಡಿ4 ಕಣಗಳು ಮತ್ತೆ ಏರುವುದೂ ನಿಧಾನ. ಇಪ್ಪತ್ತೈದರ ಹುಡುಗ ಕೆಲವು ತಿಂಗಳಲ್ಲಿ ಗಳಿಸಿಕೊಳ್ಳುವುದನ್ನು ಅರವತ್ತೆಂಟರ ಮಾವ ನಾಲ್ಕು ವರ್ಷದಲ್ಲೂ ಗಳಿಸಲಿಲ್ಲ.

ಹಾಗಾದರೆ ಬೇಗ ಪತ್ತೆಯಾಗಬೇಕಾದವರು ಯಾರು? ವಯಸ್ಸಾದವರು. ತಡವಾಗಿ ಪತ್ತೆಯಾಗುವವರು ಯಾರು? ಅವರೇ. ಅಮೆರಿಕದಲ್ಲಿ ಹೊಸದಾಗಿ ಪತ್ತೆಯಾಗುವ ಸುಮಾರು ಆರು ಜನರಲ್ಲಿ ಒಬ್ಬರು ಐವತ್ತು ದಾಟಿದವರು. ಆ ವಯಸ್ಸಿನವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ, ಗೊತ್ತಾಗುವ ಹೊತ್ತಿಗೇ ಕಾಯಿಲೆ ಏಡ್ಸ್ ಹಂತ ಮುಟ್ಟಿರುತ್ತದೆ.

ಇದು ತಾನಾಗಿ ಆದದ್ದಲ್ಲ. ಗೆರೆ ಎಳೆದು ಮಾಡಿದ್ದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2006ರಲ್ಲಿ ಎಲ್ಲರಿಗೂ ಒಮ್ಮೆಯಾದರೂ ಎಚ್‌ಐವಿ ಪರೀಕ್ಷೆಯಾಗಲಿ ಎಂದಿತು. ಎಲ್ಲರಿಗೂ ಅಂದರೆ 13ರಿಂದ 64 ವರ್ಷದವರಿಗೆ. ತಡೆಚಿಕಿತ್ಸೆಯ ಬಗ್ಗೆ ಸಲಹೆ ಕೊಡುವ ಇಲ್ಲಿನ ತಜ್ಞರ ಮಂಡಳಿ 15ರಿಂದ 65 ಎನ್ನುತ್ತದೆ. ಅದಕ್ಕಿಂತ ಹಿರಿಯರಿಗೆ "ಅಪಾಯವಿದ್ದರೆ" ಮಾತ್ರ. ಹಿರಿಯರ ವಿಮೆಯಾದ ಮೆಡಿಕೇರ್ ಕೂಡ ಇದೇ ಗೆರೆ ಹಿಡಿದಿದೆ. ಮೆಡಿಕೇರ್ ಶುರುವಾಗುವುದು ಅರವತ್ತೈದಕ್ಕೆ. ವಾಡಿಕೆಯ ಪರೀಕ್ಷೆ ನಿಲ್ಲುವುದೂ ಅರವತ್ತೈದಕ್ಕೆ. ಅಪಾಯವಿದೆಯೇ ಎಂದು ತಿಳಿಯಬೇಕಾದರೆ ಕೇಳಬೇಕು. ಎಪ್ಪತ್ತು ವರ್ಷದ ಸೀರೆಯುಟ್ಟ ಅಮ್ಮನನ್ನು, ಪಕ್ಕದಲ್ಲಿ ಮಗ ದುಭಾಷಿಯಾಗಿ ಕೂತಿರುವಾಗ, ಯಾವ ವೈದ್ಯರು ಕೇಳುತ್ತಾರೆ? ಯಾವ ಮಗ ಆ ಪ್ರಶ್ನೆಯನ್ನು ಕನ್ನಡಕ್ಕೆ ತರ್ಜುಮೆ ಮಾಡುತ್ತಾನೆ?

ಊರಿನ ಗೆರೆ ಇನ್ನೂ ಕೆಳಗಿದೆ. ಎಚ್‌ಐವಿ ಪ್ರಮಾಣ ಎಷ್ಟೆಂದು ಲೋಕವೆಲ್ಲ ಹೇಳುವ ಅಂಕಿ 15ರಿಂದ 49 ವರ್ಷದವರದು. ಭಾರತದಲ್ಲಿ ಶೇಕಡಾ 0.2 ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದೂ ಅಷ್ಟೇ. ಐವತ್ತರ ಅಮ್ಮ ಆ ಅಂಕಿಯೊಳಗಿಲ್ಲ.

ಆದರೆ ಆಕೆ ಇದ್ದಾಳೆ. ಕೆಲವು ವರ್ಷದ ಹಿಂದೆ ಊರಿಗೆ ಹೋದಾಗ ಉತ್ತರ ಕರ್ನಾಟಕದ ಒಂದು ಎಆರ್‌ಟಿ ಕೇಂದ್ರಕ್ಕೆ ಗೆಳತಿಯೊಬ್ಬಳ ಜೊತೆ ಹೋಗಿದ್ದೆ. ಮಾತ್ರೆಗಾಗಿ ಕೂತಿದ್ದ ಸಾಲಿನಲ್ಲಿ ಇಳಕಲ್ ಸೀರೆಯ, ಅರವತ್ತರ ಆಚೀಚಿನ ಒಬ್ಬ ಹೆಂಗಸು ನನ್ನನ್ನು ಮಾತಾಡಿಸಿದರು. "ಹದಿನೈದ್ ವರ್ಷ ಆತ್ ನೋಡ್ರಿ ಗುಳಿಗಿ ನುಂಗಾಕತ್ತು. ಇಕಿ ಸಾಯ್ತಾಳ ಅಂದವ್ರೆಲ್ಲಾ ಸತ್ತ್ ಹೋದ್ರು, ನಾ ಇನ್ನಾ ಅದೀನಿ. ಈಗ ಮೊಣಕಾಲ್ ನೋವಿಗೆ, ಬಿ.ಪಿ.ಗೆ ಯಾರ ಕಡೆ ಹೋಗ್ಲಿ? ಅಲ್ಲಿ ಹೋದ್ರ ಈ ಕಾರ್ಡ್ ತೋರಿಸ್ಬೇಕಾಗ್ತದ." ಕಾರ್ಡ್ ತೋರಿಸಿದರೆ ಏನಾಗುತ್ತದೆಂದು ನಾನು ಕೇಳಲಿಲ್ಲ. ಅವರ ಮುಖ ಹೇಳಿತ್ತು.

ಭಾರತದಲ್ಲಿ ಮೊದಲ ಸೋಂಕುಗಳನ್ನು 1986ರಲ್ಲಿ ಚೆನ್ನೈಯಲ್ಲಿ ಪತ್ತೆಮಾಡಿದವರು ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ. 2001ರಲ್ಲಿ ಸಿಪ್ಲಾ ಕಂಪನಿ ಮೂರು ಔಷಧಗಳ ಒಂದು ವರ್ಷದ ಚಿಕಿತ್ಸೆಯನ್ನು 350 ಡಾಲರಿಗೆ ಕೊಡುತ್ತೇನೆಂದಾಗ ಲೋಕವೇ ಬೆರಗಾಯಿತು. ಆಗ ಇಲ್ಲಿ ಅದಕ್ಕೆ ಹತ್ತು ಸಾವಿರ ಡಾಲರಿನ ಮೇಲಿತ್ತು. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತವಾಗಿ ಔಷಧ ಕೊಡಲು ಆರಂಭಿಸಿತು. ಅಂದು ನಲವತ್ತಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ಕರ್ನಾಟಕ ದೇಶದಲ್ಲಿ ಅತಿ ಹೆಚ್ಚು ಸೋಂಕಿತರಿರುವ ರಾಜ್ಯಗಳಲ್ಲೊಂದು. ಆಫ್ರಿಕದ ಹಳ್ಳಿಗಳಲ್ಲಿ ಜನ ನುಂಗುವ ಮಾತ್ರೆ ನಮ್ಮ ದೇಶದ ಕಾರ್ಖಾನೆಗಳಿಂದ ಹೋಗುತ್ತದೆ. ನಾವು ಅದನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಮ್ಮ ಅಪ್ಪನಿಗೆ ಅದು ಬೇಕಾಗಬಹುದು ಎಂಬುದನ್ನು ಮಾತ್ರ ಒಪ್ಪುವುದಿಲ್ಲ.

ಈಗ ನನಗೆ ಹೇಗೆ ಗೊತ್ತಾಯಿತೆಂದು ಹೇಳುತ್ತೇನೆ. ವೈರಸ್ಸಿಗಿಂತ ನಮ್ಮ ಗುಟ್ಟು ಎಷ್ಟು ಅಪಾಯಕಾರಿ ಎಂದು ತಿಳಿಯಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಆಸ್ಪತ್ರೆಯಿಂದ ಬಂದ ಮಾವನಿಗೆ ದಾರುನಾವಿರ್ ಮತ್ತು ಕೋಬಿಸಿಸ್ಟಾಟ್ ಎಂಬ ಔಷಧಗಳಿರುವ ಚಿಕಿತ್ಸೆ ಶುರುವಾಯಿತು. ಕೋಬಿಸಿಸ್ಟಾಟ್ ಮಾಡುವ ಕೆಲಸವೆಂದರೆ ಪಿತ್ತಜನಕಾಂಗದ ಒಂದು ಕಿಣ್ವವನ್ನು ತಡೆಹಿಡಿದು, ಜೊತೆಯ ಔಷಧ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ನೋಡಿಕೊಳ್ಳುವುದು. ವೈರಸ್ಸು ಕೆಲವೇ ತಿಂಗಳಲ್ಲಿ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಯಿತು. ಹಾಗೆ ಕಡಿಮೆಯಾದವರಿಂದ ದೇಹಸಂಪರ್ಕದಲ್ಲೂ ಸೋಂಕು ಹರಡುವುದಿಲ್ಲ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ತಟ್ಟೆ ಲೋಟದಿಂದಂತೂ ಅದು ಎಂದೂ ಹರಡಿದ್ದೇ ಅಲ್ಲ. ಆದರೂ ಆ ಮನೆಯಲ್ಲಿ ಅವರಿಗೆ ತಟ್ಟೆ ಬೇರೆಯಾಯಿತು, ಲೋಟ ಬೇರೆಯಾಯಿತು. ಮೊಮ್ಮಗ ತೊಡೆಯ ಮೇಲೆ ಕೂರುವುದು ನಿಂತಿತು. ನಮ್ಮ ಅಜ್ಜಿಯ ಕಾಲದ ಮಡಿಯನ್ನು ಗೇಲಿ ಮಾಡುತ್ತಾ ಬೆಳೆದವರು ನಾವು. ಅದನ್ನೇ ಡಿಶ್‌ವಾಷರ್ ಇರುವ ಮನೆಗೆ ತಂದೆವು.

ಮಾತ್ರೆಯನ್ನು ನಲವತ್ತು ಮೈಲಿ ದೂರದ ಫಾರ್ಮಸಿಯಿಂದ ತರುತ್ತಿದ್ದರು, ಇಲ್ಲಿ ಕನ್ನಡದವರು ಯಾರಾದರೂ ನೋಡಿಯಾರೆಂದು. ಆ ಕನ್ನಡದವರಲ್ಲಿ ನಾನೂ ಒಬ್ಬಳು.

2017ರಲ್ಲಿ ಮಾವನಿಗೆ ಮಂಡಿನೋವು ಜಾಸ್ತಿಯಾಗಿ ಮೂಳೆ ವೈದ್ಯರ ಬಳಿ ಕರೆದುಕೊಂಡು ಹೋದರು. ಅಲ್ಲಿ ಒಂದು ಅರ್ಜಿ ತುಂಬಬೇಕು: ಈಗ ತೆಗೆದುಕೊಳ್ಳುತ್ತಿರುವ ಔಷಧಗಳು. ನಮ್ಮ ಮನೆಗಳಲ್ಲಿ ಹಿರಿಯರ ಅರ್ಜಿ ತುಂಬುವವರು ಮಕ್ಕಳು. ಅವಳು ಬಿ.ಪಿ. ಮಾತ್ರೆ ಬರೆದಳು, ಸಕ್ಕರೆ ಮಾತ್ರೆ ಬರೆದಳು, ಎಚ್‌ಐವಿಯದು ಬರೆಯಲಿಲ್ಲ. ಮಂಡಿಗೆ ಏನು ಸಂಬಂಧ ಎಂದುಕೊಂಡಳು. ವೈದ್ಯರು ಮಂಡಿಯೊಳಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಸಾವಿರಾರು ಮಂಡಿಗಳಿಗೆ ದಿನವೂ ಕೊಡುವ ಇಂಜೆಕ್ಷನ್ ಅದು. ಆದರೆ ಅದನ್ನು ಕರಗಿಸುವುದು ಕೋಬಿಸಿಸ್ಟಾಟ್ ತಡೆಹಿಡಿದಿರುವ ಅದೇ ಕಿಣ್ವ. ಮಂಡಿಯಲ್ಲಿ ಕರಗಬೇಕಾದ ಸ್ಟೀರಾಯ್ಡ್ ವಾರಗಟ್ಟಲೆ ಮೈಯೆಲ್ಲ ಸುತ್ತಿತು. ಮುಖ ಊದಿತು, ಸಕ್ಕರೆ 380ಕ್ಕೆ ಏರಿತು, ತೊಡೆಯ ಸ್ನಾಯು ಸೋತು ಮೆಟ್ಟಿಲು ಹತ್ತಲಾಗದೆ ಬಿದ್ದರು.

ಆಗ ಅವಳು ನನಗೆ ಫೋನ್ ಮಾಡಿದಳು. "ಮನೆಯಲ್ಲಿರುವ ಎಲ್ಲ ಡಬ್ಬಿಯ ಹೆಸರೂ ಓದು" ಅಂದೆ. ಓದುತ್ತಾ ಓದುತ್ತಾ ಒಂದು ಕಡೆ ನಿಂತಳು. ಅಳತೊಡಗಿದಳು. ಆಮೇಲೆ ಆ ಹೆಸರು ಹೇಳಿದಳು. ಏನಾಗಿದೆಯೆಂದು ತಿಳಿಯಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಎರಡು ವರ್ಷ ಮುಚ್ಚಿಟ್ಟದ್ದು ಒಂದು ನಿಮಿಷದ ಕೆಲಸವಾಗಿತ್ತು.

ಅವರ ಎಚ್‌ಐವಿ ವೈದ್ಯರು ಚಿಕಿತ್ಸೆ ಬದಲಿಸಿ ದೊಲುಟೆಗ್ರಾವಿರ್ ಇರುವ ಮಾತ್ರೆ ಕೊಟ್ಟರು. ಭಾರತದಲ್ಲೂ ಈಗ ಹೆಚ್ಚಿನವರಿಗೆ ಕೊಡುವುದು ಅದಿರುವ ಮಾತ್ರೆಯನ್ನೇ. ಒಳ್ಳೆಯ ಔಷಧ. ಆದರೆ ಅದು ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣವನ್ನು ಏರಿಸುತ್ತದೆ, ಆದ್ದರಿಂದ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ದಾಟಬಾರದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಜೊತೆಗೆ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ. ನಮ್ಮ ಹಿರಿಯರಲ್ಲಿ ಮೆಟ್‌ಫಾರ್ಮಿನ್ ನುಂಗದವರು ಎಷ್ಟು ಜನ? ಕ್ಯಾಲ್ಸಿಯಂ ನುಂಗದವರು ಎಷ್ಟು ಜನ? ಇದೆಲ್ಲ ಸಣ್ಣ ಎಚ್ಚರ. ಯಾವ ಫಾರ್ಮಸಿಯವರೂ ಹೇಳಬಲ್ಲರು. ಆದರೆ ಹೇಳಬೇಕಾದರೆ ಅವರಿಗೆ ಗೊತ್ತಿರಬೇಕು.

ಅಂದಿನಿಂದ ಪ್ರತಿ ಭಾನುವಾರ ಹೋಗಿ ಅವರ ವಾರದ ಮಾತ್ರೆಗಳನ್ನು ಜೋಡಿಸಿಡುತ್ತಿದ್ದೆ. ಮೊದಲ ಭಾನುವಾರ ಬೇರೆಯಾಗಿಟ್ಟಿದ್ದ ಆ ಸ್ಟೀಲ್ ತಟ್ಟೆಯನ್ನು ತೆಗೆದುಕೊಂಡು ಅದರಲ್ಲಿ ನಾನು ಉಪ್ಪಿಟ್ಟು ತಿಂದೆ. ಯಾರೂ ಏನೂ ಅನ್ನಲಿಲ್ಲ. ಎರಡು ಮೂರು ವಾರದಲ್ಲಿ ತಟ್ಟೆಗಳು ಕಲೆತುಹೋದವು. ಒಂದು ದಿನ ಮಾವ, "ನನಗೆ ಬಂದದ್ದನ್ನು ಮುಚ್ಚಿಡೋಕೆ ಇವರು ಪಡ್ತಿರೋ ಕಷ್ಟ ನೋಡಿದರೆ ಕಾಯಿಲೆಯೇ ವಾಸಿ ಕಣೇ" ಅಂದರು. ನಾನು ನಕ್ಕೆ, ಅವರು ನಗಲಿಲ್ಲ.

2019ರಲ್ಲಿ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಬಂದವರು ಏನಾಗಿತ್ತು ಎಂದಾಗ ಹಾರ್ಟ್ ಎಂದೆವು. ಸುಳ್ಳಲ್ಲ. 2023ರಲ್ಲಿ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಭಾರತವೂ ಸೇರಿ ಹನ್ನೆರಡು ದೇಶಗಳ, 40ರಿಂದ 75 ವರ್ಷದ 7,769 ಸೋಂಕಿತರಲ್ಲಿ ಪಿಟಾವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆ ನುಂಗಿದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತಗಳು ಶೇಕಡಾ 35ರಷ್ಟು ಕಡಿಮೆಯಾಗಿದ್ದವು. ಇಂಥ ಮಾತ್ರೆ ಈಗ ಅವರಂಥವರಿಗೆ ಸಿಗುತ್ತದೆ, ತಮಗೆ ಎಚ್‌ಐವಿ ಇದೆಯೆಂದು ಅವರಿಗೂ ವೈದ್ಯರಿಗೂ ಗೊತ್ತಿದ್ದರೆ.

ನನ್ನ ವಾದಕ್ಕೆ ಎದುರು ವಾದಗಳಿವೆ, ಕೇಳಿದ್ದೇನೆ. ವೈದ್ಯ ಮಿತ್ರರೊಬ್ಬರು, "ಎಪ್ಪತ್ತು ದಾಟಿದ ಸಾವಿರ ಜನರನ್ನು ಪರೀಕ್ಷಿಸಿದರೆ ಒಬ್ಬರೂ ಸಿಗದೆ ಹೋಗಬಹುದು, ಇದು ದಂಡ" ಎಂದರು. ಇರಬಹುದು. ಎಲ್ಲ ಅಜ್ಜಿಯರನ್ನೂ ಸಾಲಾಗಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಕಾರಣವಿಲ್ಲದೆ ತೂಕ ಇಳಿದ, ಸರ್ಪಸುತ್ತು ಬಂದ, ನ್ಯುಮೋನಿಯಾ ಅಥವಾ ಕ್ಷಯ ಬಂದ ಹಿರಿಯರಿಗೆ ಕರುಳಿನೊಳಗೆ ಕ್ಯಾಮೆರಾ ಇಳಿಸುವ ಮುಂಚೆ ಒಂದು ಹನಿ ರಕ್ತ ನೋಡುವುದು ದಂಡವೆ? ಮಾವನಿಗೆ ಒಂಬತ್ತು ತಿಂಗಳಲ್ಲಿ ಮಾಡಿದ ಪರೀಕ್ಷೆಗಳ ಖರ್ಚಿನಲ್ಲಿ ನಮ್ಮ ಶಿಬಿರಕ್ಕೆ ಬರುವ ಎಲ್ಲರನ್ನೂ ಪರೀಕ್ಷಿಸಬಹುದಿತ್ತು.

ಇನ್ನೊಂದು ವಾದ, ಹಿರಿಯರಿಗೆ ಅವಮಾನವಾಗುತ್ತದೆಂಬುದು. ನನ್ನ ಅನುಭವದಲ್ಲಿ ಹಿರಿಯರಿಗೆ ಆಗುವುದಿಲ್ಲ, ನಮಗೆ ಆಗುತ್ತದೆ. ನಾನು ಈ ವಿಷಯ ಎತ್ತಿದಾಗ ಮುಖ ತಿರುಗಿಸಿದವರು ನಲವತ್ತರವರು. ಎಂಬತ್ತರ ಒಬ್ಬ ಅಜ್ಜಿ, "ಅಷ್ಟೇನಾ, ಬೆರಳಿಗೆ ಚುಚ್ಚೋದಾ?" ಎಂದು ಕೈ ಚಾಚಿದರು.

ಆದರೆ ಒಂದು ಎಚ್ಚರಿಕೆ. ನನ್ನ ಮಾತು ಕೇಳಿ ಅಪ್ಪನಿಗೆ ಹೇಳದೆ ಅವರ ರಕ್ತ ಪರೀಕ್ಷೆಗೆ ಕಳಿಸುವ ಮಕ್ಕಳೂ ಇದ್ದಾರು. ಅದು ಬೇಡ. ಭಾರತದಲ್ಲಿ 2017ರ ಎಚ್‌ಐವಿ ಕಾಯಿದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ಮಕ್ಕಳೂ ಆ ಇನ್ನೊಬ್ಬರಲ್ಲಿ ಸೇರಿದವರೇ. ಊರನ್ನೆಲ್ಲ ಕರೆದು ಹೇಳಿ ಎಂದಲ್ಲ ನನ್ನ ಮಾತು. ವೈದ್ಯರಿಗೆ ಹೇಳಿ, ಔಷಧ ಕೊಡುವವರಿಗೆ ಹೇಳಿ. ಅಪ್ಪ ಒಬ್ಬರೇ ವೈದ್ಯರ ಜೊತೆ ಮಾತಾಡಲು ಹತ್ತು ನಿಮಿಷ ಬಿಟ್ಟುಕೊಡಿ. ಬಾಗಿಲಾಚೆ ಕೂತುಕೊಳ್ಳಿ. ಭಾಷೆ ಬೇಕಾದರೆ ಆಸ್ಪತ್ರೆಯ ದುಭಾಷಿಯನ್ನು ಕೇಳಿ ಪಡೆಯಿರಿ; ಫೋನಿನಲ್ಲಿ ಕನ್ನಡ ಸಿಗುತ್ತದೆ. ಊರಿನಲ್ಲಿರುವವರಿಗೆ 1097 ಎಂಬ ಉಚಿತ ಸಹಾಯವಾಣಿ ಇದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಆಪ್ತಸಲಹೆಯೂ ಉಚಿತ. ಅಪ್ಪ ಅಮ್ಮನ ಔಷಧದ ಪಟ್ಟಿ ಬರೆಯುವಾಗ ಯಾವುದನ್ನೂ ಬಿಡಬೇಡಿ.

ಮಾವನಿಗೆ 2014ರಲ್ಲಿ, ಸರ್ಪಸುತ್ತು ಬಂದ ವಾರವೇ ಪರೀಕ್ಷೆಯಾಗಿದ್ದರೆ ಎಷ್ಟು ವರ್ಷ ಹೆಚ್ಚು ಬದುಕುತ್ತಿದ್ದರೋ ನನಗೆ ಗೊತ್ತಿಲ್ಲ. ಒಬ್ಬ ಮನುಷ್ಯನ ಲೆಕ್ಕವನ್ನು ಯಾವ ಅಧ್ಯಯನವೂ ಹೇಳುವುದಿಲ್ಲ. ಆದರೆ ಅವರು ಕಳೆದುಕೊಂಡದ್ದರಲ್ಲಿ ವೈರಸ್ಸಿನ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ಲೆಕ್ಕ ಹಾಕಲು ಕೂತಾಗಲೆಲ್ಲ ನಮ್ಮ ಪಾಲೇ ದೊಡ್ಡದಾಗಿ ಕಾಣುತ್ತದೆ. ಏಳು ವೈದ್ಯರದು, ಮಗಳದು, ನನ್ನದು.

ಮುಂದಿನ ಶಿಬಿರದ ಸಮಿತಿ ಸಭೆ ಬರುವ ತಿಂಗಳಿದೆ. ನಾಲ್ಕನೆಯ ಸಲ ಕೇಳುತ್ತೇನೆ. ಹತ್ತು ನಿಮಿಷ ಸಾಕು. ಬಿಸಿಬೇಳೆಬಾತು ಆರುವುದಿಲ್ಲ.